ಮಾವನ ಕಾಲಳತೆಯ ಗುಂಡಿ

ಸೆರಗು ಮುಗಿಯಲು ಇನ್ನೊಂದು ಗೇಣು ಬಾಕಿ ಇತ್ತು. ಲಾಳಿ ಎಡಗೈಯಿಂದ ಬಲಗೈಗೆ ಬಂತು, ಎಳೆ ಬಿಗಿ ಮಾಡುವ ಹಣಿಗೆಯನ್ನು ಎಳೆದು ಬಡಿದೆ, ಅಷ್ಟೇ. ಸೊಂಟಕ್ಕೆ ಯಾರೋ ಬೀಗ ಜಡಿದಂತಾಯಿತು. ಮುಂದಕ್ಕೆ ಬಗ್ಗಿದವಳು ಹಿಂದಕ್ಕೆ ಬರಲಿಲ್ಲ. ಕಾಲು ಮಗ್ಗದ ಕೆಳಗೆ ತೋಡಿದ ಗುಂಡಿಯಲ್ಲಿ, ಎದೆ ನೇಯ್ದ ರೇಷ್ಮೆಯ ಮೇಲೆ. ಕಣ್ಣೀರು ಬಿದ್ದು ಬಣ್ಣ ಕಲೆಯಾದೀತೆಂದು ಮುಖವನ್ನು ಮಾತ್ರ ಪಕ್ಕಕ್ಕೆ ತಿರುಗಿಸಿಕೊಂಡಿದ್ದೆ. ಆ ಹೊತ್ತಿನಲ್ಲೂ ನನಗೆ ಸೀರೆಯದೇ ಚಿಂತೆ ನೋಡಿ!

ಜಗಲಿಯ ಮೇಲೆ ಕೂತಿದ್ದ ನಮ್ಮ ಮಾವ ಮಗ್ಗದ ಸದ್ದು ನಿಂತಿದ್ದನ್ನು ಕೇಳಿಸಿಕೊಂಡು ಒಳಗೆ ಬಂದರು. ಅವರಿಗೆ ಮಗ್ಗ ನಿಂತದ್ದು ಗೊತ್ತಾದಷ್ಟು ಬೇಗ ಮನೆಯಲ್ಲಿ ಮತ್ಯಾವುದೂ ಗೊತ್ತಾಗುವುದಿಲ್ಲ.

"ಯಾಕಮ್ಮ, ಎಳೆ ಹರೀತಾ?"

"ಎಳೆ ಅಲ್ಲ ಮಾವ, ನಾನೇ ಹರ್ದೆ" ಎಂದೆ.

ನಮ್ಮ ಮನೆಯವರು ಪರಶುರಾಂಪುರದ ಕಡೆಯಿಂದ ಚಳ್ಳಕೆರೆಗೆ ಈರುಳ್ಳಿ ಹೊಡೆಯುವ ಗೂಡ್ಸ್ ಆಟೊ ಇಟ್ಟುಕೊಂಡಿದ್ದಾರೆ. ಅವರು ಬರುವ ತನಕ ನಾನು ಹಾಗೇ ಇದ್ದೆ. ಕೊನೆಗೆ ಅವರೂ ಪಕ್ಕದ ಮನೆಯ ಅಕ್ಕನೂ ಸೇರಿ ಕಂಕುಳಿಗೆ ಕೈಹಾಕಿ ಎತ್ತಿ, ಚಾಪೆಯ ಮೇಲೆ ಮಲಗಿಸಿದರು. ಆ ಅಕ್ಕ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆಂದು ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಎಲ್ಲರೂ ನಂಬುತ್ತಾರೆ. ಪಾಪ, ಅವಳು ಮೆತ್ತಗೆ ಒದ್ದಳು, "ಬಿಡ್ತಾ?" ಎಂದು ಕೇಳಿದಳು, ಬಿಡಲಿಲ್ಲ ಎಂದರೆ ಇನ್ನೊಂದು ಒದ್ದಳು. ನೋವಿನ ನಡುವೆಯೂ ನಗು ಬಂದು, ನಕ್ಕಿದ್ದಕ್ಕೆ ಮತ್ತೆ ನೋವಾಯಿತು.

ಇದು ಮೊದಲ ಸಲವೇನಲ್ಲ. ಗುಂಡಿಯಲ್ಲಿ ಕೂರಲು ಶುರು ಮಾಡಿದ ಮರುವರ್ಷದಿಂದಲೇ ಸೊಂಟ ತಕರಾರು ತೆಗೆದಿತ್ತು. ಎಣ್ಣೆ ಉಜ್ಜಿಸಿಕೊಂಡಿದ್ದೆ, ಇಂಜೆಕ್ಷನ್ ಹಾಕಿಸಿಕೊಂಡಿದ್ದೆ. ಮೆಡಿಕಲ್ ಶಾಪಿನ ಬೆಲ್ಟನ್ನು ಉಸಿರು ಕಟ್ಟುವಷ್ಟು ಬಿಗಿದುಕೊಂಡು ನೇಯ್ದಿದ್ದೆ. ಆದರೆ ಎತ್ತಿ ಮಲಗಿಸುವ ಗತಿ ಬಂದದ್ದು ಅದೇ ಮೊದಲು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಎಲುಬಿನಲ್ಲಿ ಅಂಥ ಕೆಟ್ಟದ್ದೇನೂ ಇಲ್ಲ, ಆಪರೇಷನ್ ಬೇಡ, ಆದರೆ ಕೂತು ಮಾಡುವ ಕೆಲಸ ಬಿಟ್ಟುಬಿಡಿ ಎಂದರು. ಮಗ್ಗದವಳಿಗೆ ಕೂರಬೇಡ ಎಂದರೆ ಇನ್ನೇನು ಉಳಿಯಿತು?

ನಮ್ಮ ಬೀದಿಯಲ್ಲಿ ಮಗ್ಗ ಬಿಚ್ಚಿದವರನ್ನು ನೋಡಿದ್ದೇನೆ. ಬಿಚ್ಚಿದ ಕಂಬಗಳನ್ನು ಹಿತ್ತಲಲ್ಲಿ ಒರಗಿಸುತ್ತಾರೆ, ಗುಂಡಿ ಮುಚ್ಚಿ ಮೇಲೆ ಟೈಲ್ಸ್ ಹಾಕುತ್ತಾರೆ, ಆಮೇಲೆ ಆ ಕೋಣೆಯಲ್ಲಿ ಟಿವಿ ಬರುತ್ತದೆ. ನಮ್ಮನೆಯವರು ಮಗ್ಗ ಕಲಿತವರಲ್ಲ. ಮಾವ ಬಲ ಮೊಣಕಾಲು ಊದಿಕೊಂಡು, ತುಳಿಯಲಾಗದೆ ಗುಂಡಿಯಿಂದ ಮೇಲೆ ಬಂದಿದ್ದರು. ಅದಕ್ಕೂ ಮುಂಚೆ ನಾನು ಮಗ್ಗದ ಬಲಗಡೆ ಒಂದು ಮಣೆ ಹಾಕಿಕೊಂಡು ಕೂತು, ದೊಡ್ಡಂಚಿನ ಮೂರು ಲಾಳಿ ಸೀರೆಗೆ ಅಂಚಿನ ಲಾಳಿ ಬಿಡುತ್ತಿದ್ದವಳು. ಅವರೆದ್ದ ಮೇಲೆ ಅವರ ಜಾಗಕ್ಕೆ ನಾನು ಇಳಿದೆ. ನನ್ನ ಮಣೆಗೆ ಕೂರುವವರು ಯಾರೂ ಇಲ್ಲದ್ದರಿಂದ ದೊಡ್ಡಂಚು ನಿಂತು, ಒಬ್ಬಳೇ ನೇಯಬಹುದಾದ ಸಣ್ಣಂಚಿನ ಸೀರೆಗಷ್ಟೇ ಉಳಿದೆ. ನಾನೂ ಎದ್ದರೆ ಆ ಮಗ್ಗ ಹಿತ್ತಲಿಗೆ ಹೋಗುತ್ತಿತ್ತು. ಬೇರೆಯವರಿಗೆ ಅದು ಬರೀ ಮರ ಇರಬಹುದು. ನನಗೆ ಬೇರೆ ಯಾವ ಕೆಲಸವೂ ಅಷ್ಟು ಚೆನ್ನಾಗಿ ಬರುವುದಿಲ್ಲ, ಬರುವ ಕೆಲಸವನ್ನು ಬಿಡಲು ಮನಸ್ಸೂ ಇರಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ಚಳ್ಳಕೆರೆಗೆ ಹೋಗಿ ಫಿಸಿಯೋಥೆರಪಿಗೆ ಸೇರಿಕೊಂಡೆ. ನಮ್ಮನೆಯವರ ಆಟೊದಲ್ಲಿ ಹೋದರೆ ಇರುವ ಸೊಂಟವೂ ಉದುರಿಹೋಗುತ್ತದೆ, ಹಾಗಾಗಿ ಆಧಾರ್ ಕಾರ್ಡು ತೋರಿಸಿ ಬಸ್ಸಿನಲ್ಲೇ ಹೋಗುತ್ತಿದ್ದೆ. ಫಿಸಿಯೋ ಮೇಡಂ ನನಗಿಂತ ಎಷ್ಟೋ ಚಿಕ್ಕವರು. ಕರೆಂಟಿನ ಪಟ್ಟಿ ಸುತ್ತಿ ಬಿಸಿ ಕೊಡುತ್ತಾರೆ, ಮಲಗಿದರಾಯಿತು ಎಂದುಕೊಂಡು ಹೋಗಿದ್ದೆ. ಅವರು ಕೋಣೆಯ ಮೂಲೆಯಲ್ಲಿದ್ದ ಖಾಲಿ ಬಕೆಟ್ ತೋರಿಸಿ, "ಅಕ್ಕ, ಅದನ್ನ ಎತ್ತಿಕೊಂಡು ಬನ್ನಿ ನೋಡೋಣ" ಎಂದರು.

ಎತ್ತಿದೆ.

"ಇನ್ನೊಂದ್ಸಲ."

ಎತ್ತಿದೆ. ನನಗೆ ಸಿಟ್ಟು ಬಂತು. ಬಕೆಟ್ ಎತ್ತಲು ನಾನು ಮೊಳಕಾಲ್ಮೂರಿನಿಂದ ಬರಬೇಕಿತ್ತಾ?

"ನೀವು ಬೆನ್ನಿಂದ ಬಗ್ತಿದ್ದೀರ ಅಕ್ಕ. ಬಗ್ಗೋ ಜಾಗ ಅದಲ್ಲ. ಇಲ್ಲಿ" ಎಂದು ತಮ್ಮ ತೊಡೆ ಮತ್ತು ಹೊಟ್ಟೆ ಸೇರುವ ಸಂದಿಯನ್ನು ಎರಡೂ ಕೈಯಿಂದ ಒತ್ತಿ ತೋರಿಸಿದರು. ಒಂದು ಕೋಲು ತಂದು ನನ್ನ ಬೆನ್ನಿಗೆ ಉದ್ದಕ್ಕೆ ಹಿಡಿದರು. ಅದು ತಲೆಯ ಹಿಂಭಾಗಕ್ಕೆ, ಬೆನ್ನಿನ ಎರಡು ರೆಕ್ಕೆಮೂಳೆಗಳ ನಡುವಿಗೆ, ಕೆಳಗೆ ಬಾಲದ ಮೂಳೆಗೆ ತಾಗಬೇಕು. ಈಗ ಬಗ್ಗಿದರೂ ಕೋಲು ಈ ಮೂರು ಕಡೆಯಿಂದ ಬಿಡಬಾರದು. ಮೊಣಕಾಲು ಸ್ವಲ್ಪ ಸಡಿಲ ಮಾಡಿ, ಹಿಂಭಾಗವನ್ನು ಹಿಂದಕ್ಕೆ ತಳ್ಳಬೇಕು, ಕೈಯಲ್ಲಿ ಸಾಮಾನಿದ್ದಾಗ ಬಾಗಿಲನ್ನು ಹಿಂದಿನಿಂದ ನೂಕಿ ಮುಚ್ಚುತ್ತೇವಲ್ಲ, ಹಾಗೆ. ನಾನು ಬಗ್ಗಿದ ಕೂಡಲೇ ಕೋಲು ಬಾಲದ ಮೂಳೆಯಿಂದ ಜಿಗಿದು ದೂರ ನಿಂತಿತು. ಹುಟ್ಟಿದಾಗಿನಿಂದ ಬಗ್ಗುತ್ತಾ ಬಂದವಳಿಗೆ ಬಗ್ಗಲು ಬರುವುದಿಲ್ಲ ಎಂದಾಯಿತು.

ಅಲ್ಲಿಂದ ನಾನು ಒಂದೊಂದನ್ನೇ ಮೊದಲಿನಿಂದ ಕಲಿಯಬೇಕಾಯಿತು. ಹಾಸಿಗೆಯಿಂದ ನೇರ ಎದ್ದು ಕೂರುವ ಹಾಗಿಲ್ಲ. ಮೊದಲು ಮಗ್ಗುಲಾಗಬೇಕು, ಕಾಲು ಮಡಚಬೇಕು, ಕೈ ಊರಿ ಏಳಬೇಕು. ನೆಲದಿಂದ ಏಳುವಾಗ ಒಂದು ಮಂಡಿ ಊರಿ, ಇನ್ನೊಂದು ಪಾದ ಮುಂದಿಟ್ಟು, ಆ ಪಾದದ ಮೇಲೆ ಭಾರ ಹಾಕಿ ಮೇಲೆ ಬರಬೇಕು. ಕೊಡ ಎತ್ತುವಾಗ ಅದನ್ನು ಮೈಗೆ ಹತ್ತಿರ ತಂದುಕೊಂಡು ಎತ್ತಬೇಕು. ಕಸ ಗುಡಿಸಲು ಉದ್ದ ಹಿಡಿಯ ಪೊರಕೆ. ಪೊರಕೆಗೆ ನಾನೇ ಕೋಲು ಕಟ್ಟಿಕೊಂಡೆ. ಅದನ್ನು ನೋಡಿ ನಮ್ಮನೆಯವರು, "ಏನೇ, ಜೇಡರಬಲೆ ಹೊಡೀತೀಯೋ ಕಸ ಹೊಡೀತೀಯೋ?" ಎಂದು ಆಡಿಕೊಂಡರು. ರೊಟ್ಟಿ ಬಡಿಯುವುದನ್ನು ನೆಲದಿಂದ ಕಟ್ಟೆಯ ಮೇಲೆ ತಂದೆ. ರೊಟ್ಟಿ ಮೊದಲು ಅಂಕುಡೊಂಕಾದವು, ಯಾರೂ ಸತ್ತುಹೋಗಲಿಲ್ಲ.

ಕೆಲವು ವಾರ ಹೀಗೆ ನಡೆಯಿತು. ಬೆಳಗ್ಗೆ ಮುಖ ತೊಳೆಯಲು ಬಗ್ಗಿದರೆ ಹಿಡಿದುಕೊಳ್ಳುತ್ತಿದ್ದ ಸೊಂಟ ಹಿಡಿಯುವುದನ್ನು ಬಿಟ್ಟಿತು. ಬಸ್ಸಿನಲ್ಲಿ ಕೂತು ಬಂದರೂ ಇಳಿಯುವಾಗ ಕಂಬ ಹಿಡಿಯಬೇಕಾಗುತ್ತಿರಲಿಲ್ಲ. ನಾನು ಗೆದ್ದೆ ಎಂದುಕೊಂಡು ಮಗ್ಗಕ್ಕೆ ಇಳಿದೆ. ಒಂದು ಬುಟ್ಟ ಮುಗಿಯುವುದರೊಳಗೆ ನೋವು ಹಾಜರ್!

ಇಲ್ಲೊಂದು ವಿಷಯ ಹೇಳಬೇಕು. ನಮ್ಮಲ್ಲಿ ಬುಟ್ಟವನ್ನು, ಅಂದರೆ ಸೀರೆಯ ಮೈಮೇಲಿನ ಹೂವನ್ನು, ಅರ್ಧಕ್ಕೆ ಬಿಟ್ಟು ಏಳುವುದಿಲ್ಲ. ಎದ್ದು ಬಂದು ಕೂತರೆ ಕೈಯ ಬಡಿತ ಬದಲಾಗುತ್ತದೆ, ಹೂವಿನ ನಡುವೆ ಗೆರೆ ಬೀಳುತ್ತದೆ. ಮಾವ ಕಲಿಸಿದ ಮೊದಲ ಪಾಠ ಅದು. ಹಾಗಾಗಿ ನೋವು ಬಂದರೂ ಬುಟ್ಟ ಮುಗಿಯಲಿ ಎಂದು ಹಲ್ಲು ಕಚ್ಚಿ ಕೂರುತ್ತಿದ್ದೆ, ಮುಗಿದ ಮೇಲೆ, ಇನ್ನೊಂದು ಶುರು ಮಾಡಿಬಿಡೋಣ ಎನ್ನುತ್ತಿದ್ದೆ. ಮೇಡಂ ಇದನ್ನು ಕೇಳಿ ಹಣೆ ಹಣೆ ಚಚ್ಚಿಕೊಂಡರು.

"ಹೂವು ಮುಗಿದ ತಕ್ಷಣ ಎದ್ದುಬಿಡಿ ಅಕ್ಕ, ಪ್ರತಿ ಹೂವಿಗೂ. ಎದ್ದು ಎರಡೂ ಕೈ ಸೊಂಟಕ್ಕಿಟ್ಟು ಹಿಂದಕ್ಕೆ ಬಾಗಿ, ಬಾಗಿಲ ತನಕ ನಡೆದು ಬನ್ನಿ. ಮತ್ತೆ, ನಾನು ಮಗ್ಗ ನೋಡಿದವಳಲ್ಲ. ನೀವು ನೇಯೋದನ್ನ ಪಕ್ಕದಿಂದ ವಿಡಿಯೋ ಮಾಡಿಸಿಕೊಂಡು ಬನ್ನಿ."

ನಮ್ಮನೆಯವರು ಮದುವೆ ಫೋಟೋಗ್ರಾಫರಿನಂತೆ ಒಮ್ಮೆ ಹತ್ತಿರ ಒಮ್ಮೆ ದೂರ ನಿಂತು ಫೋನಿನಲ್ಲಿ ವಿಡಿಯೋ ಮಾಡಿದರು. ಮೇಡಂ ಅದನ್ನು ತಡೆದು ತಡೆದು ನೋಡಿದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟರು.

"ಮೊಣಕಾಲು ನೋಡಿ, ಎಲ್ಲಿದೆ."

ನೋಡಿದೆ. ಗುಂಡಿಯಲ್ಲಿದ್ದರೂ ನನ್ನ ಮೊಣಕಾಲು ತೊಡೆಯ ಬುಡಕ್ಕಿಂತ ಮೇಲಿತ್ತು. ಮೊಣಕಾಲು ಮೇಲೆ ಬಂದರೆ ತೊಡೆಸಂದಿಯಲ್ಲಿ ಬಗ್ಗಲು ಜಾಗವೇ ಇರುವುದಿಲ್ಲ, ಬೆನ್ನೇ ಬಗ್ಗಬೇಕು ಎಂದು ವಿವರಿಸಿದರು. ಅಡುಗೆಮನೆಯಲ್ಲಿ, ಬಚ್ಚಲಲ್ಲಿ ನಾನು ಕಲಿತದ್ದೆಲ್ಲ ಗುಂಡಿಗೆ ಇಳಿದ ಕೂಡಲೇ ಕೆಲಸಕ್ಕೆ ಬಾರದೆ ಹೋಗುತ್ತಿತ್ತು. "ಕೂರುವ ಜಾಗ ಎತ್ತರ ಮಾಡಿಕೊಂಡು ನೋಡೋಣ" ಎಂದರು. ನನಗೂ ಸರಿ ಅನ್ನಿಸಿತು. ಕಂಬಳಿಯನ್ನು ಮಡಚಿ ಮಡಚಿ ಕೂರುವ ಹಲಗೆಯ ಮೇಲೆ ಹಾಕಿಕೊಂಡು, ರಾಣಿಯ ಹಾಗೆ ಎತ್ತರಕ್ಕೆ ಕೂತೆ. ಮೊಣಕಾಲು ಇಳಿಯಿತು. ಆದರೆ ನೇಯ್ಗೆಯೂ ಇಳಿಯಿತು! ಸೀರೆ ಸುತ್ತಿಕೊಳ್ಳುವ ಉರುಳೆ ಮೊದಲು ಹೊಟ್ಟೆಯ ಹತ್ತಿರವಿದ್ದದ್ದು ಈಗ ತೊಡೆಯ ಮೇಲಿತ್ತು. ಮೊಣಕೈ ಗಾಳಿಯಲ್ಲಿ ತೇಲುತ್ತಿತ್ತು. ಹಣಿಗೆಯನ್ನು ಎದೆಯ ಕಡೆಗೆ ಎಳೆದು ಬಡಿಯುವ ಬದಲು ಮೇಲಿನಿಂದ ಕೆಳಕ್ಕೆ ಒತ್ತುವಂತಾಯಿತು. ಸೊಂಟದ ನೋವು ಕಡಿಮೆಯಾಗಿ, ಭುಜಕ್ಕೆ ಬಂದು ಕೂತಿತು.

ಆದರೂ ಹಟಕ್ಕೆ ಬಿದ್ದು ಸೀರೆ ಮುಗಿಸಿದೆ. ರೇಷ್ಮೆ ಕೊಟ್ಟು ನೇಯಿಸುವ ಸಾವ್ಕಾರರು ಬಂದು ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದರು. ಅವರು ಬೈಯುವವರಲ್ಲ. ಅಂಗೈಯನ್ನು ಬಟ್ಟೆಯ ಮೇಲೆ ಆಡಿಸುತ್ತಾ ಹೋದವರು ಒಂದು ಕಡೆ ನಿಂತರು.

"ಇಲ್ಲೀಗಂಟ ಗಟ್ಟಿ ಐತೆ. ಇಲ್ಲಿಂದ ಸಡ್ಲ. ಇಬ್ರು ನೇಯ್ದಂಗೈತಲ್ಲಮ್ಮ ಇದು?"

ಗೋಡೆಗೆ ಒರಗಿ ಕೂತಿದ್ದ ಮಾವ ತಲೆ ಬಗ್ಗಿಸಿದರು. ನನ್ನ ಸೊಂಟ ಮುರಿದಾಗ ಆಗದ ಅವಮಾನ ಅವತ್ತು ಆಯಿತು. ಒಳಗೆ ಹೋಗಿ ಕಂಬಳಿಯನ್ನು ಎಸೆದುಬಿಟ್ಟೆ.

ಮೇಡಂಗೆ ಇದನ್ನು ಹೇಳಿದಾಗ ಅವರು ಸುತ್ತಿ ಬಳಸಿ ಮಾತಾಡಲಿಲ್ಲ. "ನನಗೆ ಗೊತ್ತಿದ್ದದ್ದು ಹೇಳಿದೆ ಅಕ್ಕ. ಮಗ್ಗಕ್ಕೆ ಏನು ಮಾಡಬೇಕೋ ನನಗೆ ತಿಳೀತಿಲ್ಲ. ಮೊಣಕಾಲು ಕೆಳಗಿರಬೇಕು, ಕೈ ಹೊಟ್ಟೆಯ ಮಟ್ಟಕ್ಕಿರಬೇಕು. ಎರಡೂ ಒಟ್ಟಿಗೆ ಆಗೋ ದಾರಿ ಸಿಕ್ಕರೆ ನೇಯಿರಿ. ಸಿಗದಿದ್ದರೆ ಬಿಡಿ, ಇಲ್ಲಾಂದ್ರೆ ಮತ್ತೆ ಮಲಗ್ತೀರ." ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬರುವಾಗ ಬಂಡೆಗುಡ್ಡಗಳು ಶುರುವಾಗುವ ತನಕ ನನ್ನ ತಲೆಯಲ್ಲಿ ಅದೇ ಮಾತು. ಮೊಣಕಾಲು ಕೆಳಗೆ, ಕೈ ಹೊಟ್ಟೆಯ ಮಟ್ಟಕ್ಕೆ. ಇದನ್ನು ನಾನು ಎಲ್ಲೋ ನೋಡಿದ್ದೇನೆ.

ಮನೆಗೆ ಬಂದವಳೇ ಚಪ್ಪಲಿ ಬಿಟ್ಟು ಮಾವನ ಹತ್ತಿರ ಹೋದೆ. "ಮಾವ, ಒಂದ್ಸಲ ಗುಂಡೀಲಿ ಕೂತ್ಕಳ್ರಿ. ತುಳೀಬೇಡ್ರಿ, ಸುಮ್ನೆ ಕೂತ್ಕಳ್ರಿ. ನಾನು ನೋಡ್ಬೇಕು."

ಅವರಿಗೆ ಖುಷಿಯೋ ಖುಷಿ. ಸೊಸೆಗೆ ಬುದ್ಧಿ ಬಂತು, ನೇಯ್ಗೆ ಮರೆತವಳು ಮತ್ತೆ ಕಲಿಯಲು ಬಂದಳು ಎಂದುಕೊಂಡಿರಬೇಕು. ಪಂಚೆ ಎತ್ತಿ ಕಟ್ಟಿ, ನೋವಿನ ಕಾಲನ್ನು ಕೈಯಲ್ಲಿ ಹಿಡಿದು ಗುಂಡಿಗೆ ಇಳಿಸಿ ಕೂತರು. ನಾನು ಪಕ್ಕದ ಹಳೇ ಮಣೆಯ ಮೇಲೆ, ವರ್ಷಗಟ್ಟಲೆ ಕೂತ ಜಾಗದಲ್ಲಿ ಕೂತೆ.

ಮಾವನ ಮೊಣಕಾಲು ತೊಡೆಗಿಂತ ತಗ್ಗಿನಲ್ಲಿತ್ತು. ಪಾದ ಗುಂಡಿಯ ತಳದ ತುಳಿಹಲಗೆಗಳ ಮೇಲೆ ತಾನಾಗೇ ಬಂದು ಕೂತಿತ್ತು. ಮೊಣಕೈ ಉರುಳೆಯ ಮಟ್ಟಕ್ಕೆ. ಅವರು ಹಣಿಗೆ ಹಿಡಿದು ಮುಂದಕ್ಕೆ ಹೋದಾಗ ಬೆನ್ನು ಒಂದಿಷ್ಟೂ ಬಗ್ಗಲಿಲ್ಲ, ತೊಡೆಸಂದಿಯಿಂದ ಇಡೀ ಮೈ ಹೋಗಿ ಬಂತು. ಮೇಡಂ ಕೋಲು ಹಿಡಿದಿದ್ದರೆ ಮೂರೂ ಕಡೆ ತಾಗುತ್ತಿತ್ತು. ಇಷ್ಟು ವಯಸ್ಸಾಗಿ, ಮೊಣಕಾಲು ಹೋಗಿದ್ದರೂ, ಅವರು ಒಂದು ದಿನವೂ ಸೊಂಟ ಹಿಡಿದುಕೊಂಡು ಅಯ್ಯೋ ಎಂದದ್ದನ್ನು ನಾನು ಕೇಳಿರಲಿಲ್ಲ. ಮಾವ ಗಿಡ್ಡಗೆ, ಬಿಗಿಯಾಗಿರುವ ಆಳು. ನಾನು ನಮ್ಮ ಬೀದಿಯ ಗಂಡಸರಿಗಿಂತಲೂ ಎತ್ತರದಲ್ಲಿ ಒಂದು ಕೈ ಮೇಲೆ. ನನ್ನನ್ನು ನೋಡಲು ಬಂದಾಗ ಇವರ ಮನೆಯವರು, ಹುಡುಗಿ ತೆಂಗಿನಮರ ಇದ್ದಂಗಿದಾಳೆ ಎಂದಿದ್ದರಂತೆ.

"ಮಾವ, ಈ ಗುಂಡಿ ನಿಮ್ದು" ಎಂದೆ.

"ಹೂಂ ಮತ್ತೆ, ಯಾರ್ದು?"

"ಅದಲ್ಲ. ನಿಮ್ಮ ಕಾಲಿಗೆ ತೋಡಿದ್ದು. ನನ್ನ ಕಾಲು ಇದ್ರಾಗೆ ಹಿಡಿಸ್ತಿಲ್ಲ. ಇನ್ನಷ್ಟು ಆಳ ತೋಡ್ಬೇಕು. ತೋಡಿದ್ರೆ ಮೊಣಕಾಲು ಇಳೀತೈತೆ, ಕೂರೋ ಹಲಗೆ ಎಲ್ಲೈತೋ ಅಲ್ಲೇ ಇರ್ತೈತೆ, ಕೈಯೂ ಎಲ್ಲಿರ್ಬೇಕೋ ಅಲ್ಲೇ ಇರ್ತೈತೆ."

ಮಾವನ ಮುಖ ಕಪ್ಪಿಟ್ಟಿತು. ಗುಂಡಿಯಿಂದ ಎದ್ದವರು, "ಮೈಮೇಲೆ ಹಾಸು ಇರೋ ಮಗ್ಗಕ್ಕೆ ಗುದ್ದಲಿ ಹಾಕ್ತಾರೇನಮ್ಮ ಯಾರಾದ್ರು?" ಎಂದರು.

ಅದು ನನಗೂ ಗೊತ್ತಿತ್ತು. ಹಲವು ಸೀರೆಗಾಗುವಷ್ಟು ಉದ್ದನೆ ಎಳೆಗಳು, ಅಂದರೆ ಹಾಸು, ಮಗ್ಗದ ಮೇಲಿರುವಾಗ ಗುಂಡಿಗೆ ಕಬ್ಬಿಣ ತಾಗಿಸುವುದಿಲ್ಲ. ಮಣ್ಣು ಅದುರಿದರೆ ಕಂಬ ಸರಿಯುತ್ತದೆ, ಬಿಗಿ ತಪ್ಪುತ್ತದೆ, ಅದಕ್ಕೇ ಈ ಪದ್ಧತಿ ಬಂದಿರಬೇಕು. "ಈ ಹಾಸು ಮುಗೀಲಿ, ಆಮೇಲೆ ತೋಡಾಣ" ಎಂದೆ.

"ನಾನಿರೋಗಂಟ ಆಗಲ್ಲ. ಮೊಣಕಾಲು ಇಳೀಲಿ, ನಾನೇ ಕೂತ್ಕಂತೀನಿ. ನೀನು ಮೊದ್ಲಿನಂಗೆ ಅಂಚಿನ ಲಾಳಿ ಬಿಡೀವಂತೆ."

ಆಗ ನನಗೆ ಅರ್ಥವಾಯಿತು. ಗುಂಡಿ ಆಳವಾದರೆ ಅವರ ಪಾದ ತುಳಿಹಲಗೆಗೆ ಎಟುಕುವುದಿಲ್ಲ. ಅವರು ಪ್ರತಿ ಹಬ್ಬಕ್ಕೂ ಈ ಹಬ್ಬ ಕಳೀಲಿ, ಕೂತ್ಕಂತೀನಿ ಎನ್ನುತ್ತಿದ್ದರು. ನಾವು ಸುಮ್ಮನೆ ಹೂಂಗುಟ್ಟುತ್ತಿದ್ದೆವು. ಅವರು ಮಾತ್ರ ಅದನ್ನು ನಿಜವೆಂದೇ ಇಟ್ಟುಕೊಂಡಿದ್ದರು. ಅರ್ಥವಾಯಿತೆಂದು ನನ್ನ ಸಿಟ್ಟೇನೂ ಇಳಿಯಲಿಲ್ಲ. ಅವರ ಆಸೆಗೆ ನಾನು ಬೆನ್ನು ಮುರಿದುಕೊಳ್ಳಬೇಕೇನು? ನಮ್ಮನೆಯವರಿಗೆ ಹೇಳಿದರೆ, "ನಮ್ಮಪ್ಪನ್ನ ನೀನೇ ಕೇಳು ಮಾರಾಯ್ತಿ, ನನ್ನ ಕೈಲಾಗಲ್ಲ" ಎಂದು ಆಟೊ ಸ್ಟಾರ್ಟ್ ಮಾಡಿಕೊಂಡು ಹೋದರು.

ಉಳಿದ ಹಾಸನ್ನು ಕಂಬಳಿಯಿಲ್ಲದೆ, ಹಳೇ ಮಟ್ಟದಲ್ಲೇ ಕೂತು ನೇಯ್ದೆ. ಒಂದು ಬುಟ್ಟ, ಎದ್ದು ಬಾಗಿಲ ತನಕ ನಡಿಗೆ. ಇನ್ನೊಂದು ಬುಟ್ಟ, ಮತ್ತೆ ನಡಿಗೆ. ಗುಂಡಿಯಿಂದ ಏಳುವುದಕ್ಕೂ ಒಂದು ರೀತಿ ಮಾಡಿಕೊಂಡೆ. ಮೊದಲಾದರೆ ಉರುಳೆ ಹಿಡಿದು ಜಗ್ಗಿಕೊಂಡು ಏಳುತ್ತಿದ್ದೆ. ಈಗ ಕೂತಲ್ಲೇ ಇಡೀ ಮೈ ಪಕ್ಕಕ್ಕೆ ತಿರುಗಿಸಿ, ಎರಡೂ ಕಾಲು ಹೊರಗೆ ತಂದು, ಮಂಡಿ ಊರಿ ಏಳುತ್ತಿದ್ದೆ. ನೋವು ಬರುತ್ತಿತ್ತು, ಆದರೆ ಹಿಡಿದು ಬೀಳಿಸುವ ಮುಂಚೆ ನಾನೇ ಎದ್ದುಬಿಡುತ್ತಿದ್ದೆ. ಕೆಲಸ ಆಮೆ ನಡಿಗೆ. ಮಾವ ಜಗಲಿಯಿಂದ ಸದ್ದು ನಿಂತಾಗಲೆಲ್ಲ ಕೆಮ್ಮುತ್ತಿದ್ದರು. ನಾನೂ ಕೇಳಿಸದವಳಂತೆ ಬಾಗಿಲ ತನಕ ಹೋಗಿ ಬರುತ್ತಿದ್ದೆ.

ಕೊನೆಯ ಸೀರೆ ಕತ್ತರಿಸಿ ಕೊಟ್ಟ ದಿನ ಸಾವ್ಕಾರರು ಮುಂದಿನ ಹಾಸು ಯಾವ ಬಣ್ಣದ್ದು ಕೊಡಲಿ ಎಂದು ಕೇಳಿದರು. ಮಾವ ಅಲ್ಲೇ ಇದ್ದರು. ಇದನ್ನು ನಾನು ರಾತ್ರಿಯೆಲ್ಲ ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು, ಹೇಳಿಬಿಟ್ಟೆ.

"ಹಾಸು ಬೇಡ್ರಿ. ಈ ಗುಂಡೀಲಿ ನಾನಿನ್ನು ನೇಯಲ್ಲ."

ಸಾವ್ಕಾರರು ಮಾವನ ಮುಖ ನೋಡಿದರು. ಮಾವ ಗೋಡೆ ನೋಡಿದರು. ಚಹಾ ಕುಡಿದು ಸಾವ್ಕಾರರು ಹೊರಟುಹೋದರು.

ಮಗ್ಗ ಖಾಲಿ ನಿಂತಿತು. ಮನೆಯಲ್ಲಿ ಆ ಸದ್ದಿಲ್ಲದೆ ಹೊತ್ತೇ ಹೋಗುತ್ತಿರಲಿಲ್ಲ. ನಾನು ಬೇಕಂತಲೇ ಹೊಲದ ಕೆಲಸಕ್ಕೆ, ಶೇಂಗಾ ಬಿಡಿಸಲು ಹೋಗುತ್ತೇನೆ ಎಂದು ಕೇಳಿಸುವಂತೆ ಹೇಳುತ್ತಿದ್ದೆ. ಹೇಳುವಾಗಲೇ ಭಯ. ಮಾವ ಹೂಂ ಹೋಗು ಎಂದುಬಿಟ್ಟರೆ? ಆಮೇಲೆ ಹೋಗುವುದು ನನ್ನ ಮಗ್ಗವೇ ತಾನೆ. ಮಾವ ಊಟಕ್ಕೆ ಕೂತರೆ ತಟ್ಟೆ ನೋಡಿ ಉಂಡು ಎದ್ದುಹೋಗುತ್ತಿದ್ದರು.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಮಗ್ಗದ ಕೋಣೆಯಿಂದ ತುಳಿಹಲಗೆಯ ಕಿರ್ ಸದ್ದು ಕೇಳಿತು. ಒಂದು ಸಲ, ಎರಡು ಸಲ. ನಿಂತಿತು. ಕೈ ಒರೆಸಿಕೊಂಡು ಬಾಗಿಲಿಗೆ ಬಂದೆ. ಮಾವ ಗುಂಡಿಯಲ್ಲಿದ್ದರು. ಖಾಲಿ ಮಗ್ಗವನ್ನು ತುಳಿಯುತ್ತಿದ್ದರು. ಎಡಗಾಲು ಇಳಿಯಿತು. ಬಲಗಾಲು ಇಳಿಯಲಿಲ್ಲ. ಎರಡೂ ಕೈಯಿಂದ ಮೊಣಕಾಲನ್ನು ಒತ್ತಿ ಕೆಳಗಿಳಿಸಿದರು, ಹಲಗೆ ಕಿರ್ ಎಂದಿತು, ಅವರ ಬಾಯಿಂದ ಅಮ್ಮಾ ಎಂದು ಬಂತು. ನಾನು ಹಿಂದಕ್ಕೆ ಸರಿದೆ. ಅವರಿಗೆ ನನ್ನ ನೆರಳು ಕಂಡಿರಬೇಕು.

"ಬಾ ಇಲ್ಲಿ" ಎಂದರು. ಮೊಣಕಾಲಿನಿಂದ ಕೈ ತೆಗೆದು, "ನೂಲು ತಗಂಡ್ ಬಾ. ಗಟ್ಟಿ ನೂಲು" ಎಂದರು.

ನನಗೆ ಅಳು ಬಂದುಬಿಟ್ಟಿತು. ಸಿಟ್ಟು ಮಾಡಿಕೊಂಡಿದ್ದೆಲ್ಲ ಎಲ್ಲಿ ಹೋಯಿತೋ.

ಗುಂಡಿ ತೋಡುವ ಮೊದಲು ಕೂರುವವರ ಕಾಲನ್ನು ನೂಲಿನಲ್ಲಿ ಅಳೆಯುತ್ತಾರೆ. ಮಾವನಾದವರು ಸೊಸೆಯ ಕಾಲು ಮುಟ್ಟುವ ಹಾಗಿಲ್ಲ. ನಾನು ಕುರ್ಚಿಯ ಅಂಚಿಗೆ ಕೂತು, ಮೇಡಂ ಹೇಳಿಕೊಟ್ಟಂತೆ ಮೊಣಕಾಲು ತಗ್ಗಿಸಿ, ನೂಲಿನ ಒಂದು ತುದಿಯನ್ನು ತೊಡೆಯ ಬುಡದಲ್ಲಿ ಹಿಡಿದುಕೊಂಡೆ. ಇನ್ನೊಂದು ಕೈಯಿಂದ ಅದನ್ನು ನೇರ ಕೆಳಕ್ಕೆ ಹಿಮ್ಮಡಿಯ ಮಟ್ಟಕ್ಕೆ ಇಳಿಸಿದೆ. ಮಾವ ದೂರ ನಿಂತು, ಹಿಮ್ಮಡಿಯ ಹತ್ತಿರ ನಾನು ಹಿಡಿದ ಕಡೆಗೆ ಗಂಟು ಹಾಕಲು ಹೇಳಿದರು. ನನ್ನ ಗಂಟು ಅವರಿಗೆ ಸರಿಬರಲಿಲ್ಲ, ನೂಲು ಇಸಿದುಕೊಂಡು ಮತ್ತೆ ತಾವೇ ಬಿಗಿದರು. ಆಮೇಲೆ ಅದನ್ನು ಗುಂಡಿಗೆ ಇಳಿಬಿಟ್ಟು ನೋಡಿದರು. ಗಂಟು ನೆಲಕ್ಕೆ ಬಿದ್ದು, ಒಂದು ಗೇಣಿನಷ್ಟು ನೂಲು ಮಣ್ಣಿನ ಮೇಲೆ ಸುರುಳಿಯಾಯಿತು.

ಮಾವ ಆ ಸುರುಳಿಯನ್ನೇ ನೋಡುತ್ತಾ ನಿಂತರು. "ನನ್ಗೆ ನಮ್ಮವ್ವ ಅಳೆದಿದ್ದು. ಆಗಿನ್ನೂ ಮೀಸೆ ಬಂದಿರ್ಲಿಲ್ಲ. ಅಳ್ದು ಗುಂಡಿ ತೋಡ್ಸಿ, ಇನ್ನು ಬೆಳೀಬ್ಯಾಡ ಕಣೋ, ಮತ್ತೆ ತೋಡ್ಸಾಕಾಗಲ್ಲ ಅಂದ್ಲು." ಸ್ವಲ್ಪ ನಕ್ಕರು. "ನಾನು ಬೆಳೀಲಿಲ್ಲ ನೋಡು."

ಭಾನುವಾರ ಮಾವ ಗುಂಡಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದು, ಗುದ್ದಲಿಯನ್ನು ಮಗನ ಕೈಗೆ ಕೊಟ್ಟರು. ತಾವು ತೋಡಲಿಲ್ಲ. ತುಳಿದು ತುಳಿದು ಸಿಮೆಂಟಿನಂತಾಗಿದ್ದ ತಳ ಮೊದಲು ಬಿಡಲೇ ಇಲ್ಲ, ಹಾರೆ ಬೇಕಾಯಿತು. ಅರ್ಧ ಹೋದ ಮೇಲೆ ಒಂದು ಮೂಲೆಯಲ್ಲಿ ಕಲ್ಲು ಸಿಕ್ಕಿತು. ನಮ್ಮ ಊರಲ್ಲಿ ಎಲ್ಲಿ ಅಗೆದರೂ ಕಲ್ಲೇ. ಅದನ್ನು ಚಾಣದಿಂದ ಚೂರು ಚೂರಾಗಿ ಕಡಿಯುವಷ್ಟರಲ್ಲಿ ನಮ್ಮನೆಯವರು ಈರುಳ್ಳಿ ಮೂಟೆಯೇ ವಾಸಿ ಎಂದು ಗೊಣಗಿದರು. ಗೊಣಗುತ್ತಾ ಬೆನ್ನು ಬಾಗಿಸಿ ಎತ್ತಲು ಹೋದಾಗ ನಾನು ಮೇಲಿನಿಂದ, "ತೊಡೆಸಂದಿಯಿಂದ ಬಗ್ಗ್ರಿ!" ಎಂದು ಕೂಗಿದೆ. ಅವರು ಗುದ್ದಲಿ ಎತ್ತಿ ತೋರಿಸಿದರು. ಗೋಡೆಗಳಿಗೆ ಮಣ್ಣು ಮೆತ್ತಿ, ಸಗಣಿ ಸಾರಿಸಿ, ಒಣಗಲು ಬಿಟ್ಟೆವು. ತುಳಿಹಲಗೆಯ ಹಗ್ಗಗಳನ್ನು ಮಾವ ಕೂತು ಒಂದೊಂದಾಗಿ ಉದ್ದ ಮಾಡಿದರು. ಕೂರುವ ಹಲಗೆಯ ಹಿಂಭಾಗಕ್ಕೆ ತೆಳ್ಳನೆ ಬೆಣೆ ಕೊಟ್ಟು ಒಂದಿಷ್ಟೇ ಮುಂದಕ್ಕೆ ಇಳಿಜಾರು ಮಾಡಿಸಿದೆ, ಅದು ಮೇಡಂ ಫೋನಿನಲ್ಲಿ ಹೇಳಿದ್ದು.

ಮೊದಲ ದಿನ ಇಳಿದು ಕೂತಾಗ ಬೇರೆಯವರ ಮನೆಯಲ್ಲಿ ಕೂತಂತಿತ್ತು. ಕಾಲು ಕೆಳಗೆ ಹೋಯಿತು, ಹೋಯಿತು, ಆಮೇಲೆ ಹಲಗೆ ಸಿಕ್ಕಿತು. ಹಣಿಗೆ ಹಿಡಿದು ಮುಂದಕ್ಕೆ ಹೋದೆ. ತೊಡೆಸಂದಿ ಬಗ್ಗಿತು, ಬೆನ್ನು ಸುಮ್ಮನಿತ್ತು. ಅಂದರೆ ಅಂದೇ ಎಲ್ಲ ಸರಿಹೋಯಿತು ಎಂದಲ್ಲ. ಮೀನಖಂಡ ಹಿಡಿದುಕೊಂಡಿತು, ಹೊಟ್ಟೆಯ ಸ್ನಾಯುಗಳಿಗೆ ಅಭ್ಯಾಸವಿಲ್ಲದೆ ನೋವಾಯಿತು. ಯೋಚನೆ ಬೇರೆ ಕಡೆ ಹೋದರೆ ಬೆನ್ನು ಹಳೇ ಚಾಳಿಗೆ ಗೂನು ಬೀಳುತ್ತಿತ್ತು. ಬುಟ್ಟ ಮುಗಿದರೆ ಏಳುವುದನ್ನು ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ. ಚಳ್ಳಕೆರೆಗೆ ಹೋಗುವುದು ವಾರಕ್ಕೊಮ್ಮೆಯಾಗಿ, ತಿಂಗಳಿಗೊಮ್ಮೆಯಾಗಿ ನಿಂತಿತು. ಕೊನೆಯ ಸಲ ಹೊಸ ವಿಡಿಯೋ ತೋರಿಸಿದಾಗ ಮೇಡಂ ಮೊಣಕಾಲಿನ ಮೇಲೆ ಬೆರಳಿಟ್ಟು, ನನ್ನ ಬೆನ್ನು ತಟ್ಟಿದರು.

ಹೊಸ ಗುಂಡಿಯಲ್ಲಿ ನೇಯ್ದ ಮೊದಲ ಹಾಸಿನ ಸೀರೆಗಳು ಹೋದ ಮೇಲೆ ಒಂದು ಬೆಳಗ್ಗೆ ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಮಾವ ಗುಂಡಿಯ ಅಂಚಿಗೆ ಕೂತಿದ್ದರು. ಕಾಲು ಇಳಿಬಿಟ್ಟಿದ್ದರು. ಪಾದ ಹಲಗೆಗೆ ಸಿಗದೆ, ಅದನ್ನು ಹುಡುಕುತ್ತಾ ಗಾಳಿಯಲ್ಲಿ ಆಡುತ್ತಿತ್ತು. ನಾನು ಬಂದದ್ದು ನೋಡಿ ಅವರು ಇಡೀ ಮೈ ಪಕ್ಕಕ್ಕೆ ತಿರುಗಿಸಿ, ಕಾಲು ಹೊರಗೆ ತಂದು, ಒಂದು ಕೈ ಊರಿ ಎದ್ದರು. ನಾನು ಏಳುತ್ತಿದ್ದ ರೀತಿಯಲ್ಲೇ. ಯಾವಾಗ ನೋಡಿ ಕಲಿತರೋ! ಎದ್ದವರು ಜಗಲಿಗೆ ಹೋಗಲಿಲ್ಲ. ಬಲಗಡೆಯ ಹಳೇ ಮಣೆಯ ಧೂಳು ಹೊಡೆದು, ನೋವಿನ ಕಾಲನ್ನು ಉದ್ದಕ್ಕೆ ಚಾಚಿಕೊಂಡು ಅದರ ಮೇಲೆ ಕೂತರು.

"ಸಾವ್ಕಾರ್ಗೆ ಫೋನ್ ಮಾಡು. ದೊಡ್ಡಂಚಿನ ಹಾಸು ಕೊಡು ಅನ್ನು. ಮೂರು ಲಾಳಿ."

ಹಾಸು ಬಂತು. ನಾನು ಗುಂಡಿಯಲ್ಲಿ, ಮಾವ ಮಣೆಯ ಮೇಲೆ. ತುಳಿದೆ, ಎಳೆಗಳು ಬಾಯಿ ಬಿಟ್ಟವು. ಮಾವ ಸೊಂಟ ತಿರುಚಿ ಬಗ್ಗಿ ಅಂಚಿನ ಲಾಳಿ ಬಿಟ್ಟರು. ಅದೇ ತಿರುಚನ್ನು ನಾನು ಆ ಮಣೆಯ ಮೇಲೆ ವರ್ಷಗಟ್ಟಲೆ ಮಾಡಿದ್ದೆ, ಯಾರೂ ಬೇಡವೆಂದಿರಲಿಲ್ಲ. ನಾನು ಹಣಿಗೆ ಹಿಡಿದು ನಿಲ್ಲಿಸಿದೆ.

"ಮಾವ, ಸೊಂಟ ತಿರುಚಬೇಡ್ರಿ. ಮಣೆ ಸಮೇತ ಈ ಕಡೆ ತಿರುಗಿ ಕೂತ್ಕಳ್ರಿ."

"ನಾನೇನು ನಿನ್ನಂಗೆ ತೆಂಗಿನಮರ ಬೆಳ್ದಿದೀನೇನಮ್ಮ, ಸೊಂಟ ನೋಯಾಕೆ?"

"ನೋಯೋಗಂಟ ಗೊತ್ತಾಗಲ್ಲ ಮಾವ. ತಿರುಗ್ರಿ."

ಗೊಣಗುತ್ತಾ ಎದ್ದರು. ಮಣೆಯನ್ನು ಮಗ್ಗದ ಕಡೆಗೆ ಪೂರ್ತಿ ತಿರುಗಿಸಿ ಹಾಕಿ ಕೂತರು, ಬೆನ್ನು ನೆಟ್ಟಗೆ ಮಾಡಿಕೊಂಡರು, ಲಾಳಿ ಕೈಗೆ ತೆಗೆದುಕೊಂಡರು. ಮಗ್ಗ ಶುರುವಾಗುವಾಗ, ಮುಂದುವರಿಸು ಎಂದು ತೆಲುಗಿನಲ್ಲಿ ನನಗೆ ಅಪ್ಪಣೆ ಕೊಡುವುದು ಅವರ ಹಳೇ ಅಭ್ಯಾಸ. ಮೊಣಕಾಲು ಊದಿಕೊಂಡ ಮೇಲೆ ಅದನ್ನು ನಾನು ಕೇಳಿರಲಿಲ್ಲ.

"ಕಾನೀ" ಎಂದರು. "ತುಳಿ."